ಲೆಕ್ಕದ ನಕಲು ಬೇರೆ ಮನೆಯಲ್ಲಿರಲಿ



ಉದ್ದನಪಲ್ಲಿಯಲ್ಲಿ ತರಕಾರಿ ಮಂಡಿ ನಡೆಸುವ ಕುಟುಂಬವೊಂದು ನನಗೆ ಬಹುಕಾಲದ ಪರಿಚಯ. ಸುತ್ತಲಿನ ಹಳ್ಳಿಗಳ ರೈತರು ಟೊಮೆಟೊ, ಎಲೆಕೋಸು, ಕೊತ್ತಂಬರಿ ಸೊಪ್ಪು ತಂದು ಇವರಲ್ಲಿ ಹಾಕುತ್ತಾರೆ. ಕೆಲವರು ಅಂದಿನ ಹಣವನ್ನು ಅಂದೇ ಪಡೆಯುತ್ತಾರೆ. ಇನ್ನು ಕೆಲವರು, "ನಿಮ್ಮ ಹತ್ತಿರವೇ ಇರಲಿ, ಬೇಕಾದಾಗ ಕೇಳ್ತೀವಿ" ಎಂದು ಬಿಟ್ಟು ಹೋಗುತ್ತಾರೆ. ಬ್ಯಾಂಕಿಗಿಂತ ಹೆಚ್ಚಾಗಿ ಮಂಡಿಯವರನ್ನು ನಂಬಿದ ಜನ ಅವರು.

ಮೊದಲು ಈ ಲೆಕ್ಕವನ್ನೆಲ್ಲ ಮನೆಯ ಹಿರಿಯಾಕೆ ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಿದ್ದರು. ಮಗ ದೊಡ್ಡವನಾದ ಮೇಲೆ ತಿಂಗಳ ಬಾಡಿಗೆಯ ಕ್ಲೌಡ್ ಸಾಫ್ಟ್‌ವೇರ್ ತಂದ. ಮಂಡಿಯ ಕಂಪ್ಯೂಟರಿನಲ್ಲಿ ಬರೆದದ್ದು ಅವನ ಮೊಬೈಲಿನಲ್ಲೂ ಕಾಣುತ್ತಿತ್ತು. ಎಲ್ಲರಿಗೂ ಸಂತೋಷ.

ಒಂದು ದಿನ ಮಂಡಿಯ ಗುಮಾಸ್ತ ಹುಡುಗ ಖಾತೆಗಳನ್ನು ಚೊಕ್ಕಟ ಮಾಡಲು ಕುಳಿತ. ನಮ್ಮ ಹಳ್ಳಿಗಳಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇರುವುದು ಹೊಸದೇನಲ್ಲ. ಅವನು ಮಾತ್ರ ಒಂದೇ ಖಾತೆ ಎರಡು ಸಲ ಬಂದಿದೆ ಎಂದುಕೊಂಡ. ಕೆಲವನ್ನು ಒಂದಕ್ಕೊಂದು ಸೇರಿಸಿದ, ಉಳಿದದ್ದನ್ನು ಅಳಿಸಿದ. ಎರಡು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಮಗಳ ಮದುವೆಗೆಂದು ತನ್ನ ಹಣ ಕೇಳಲು ಬಂದ ರೈತನೊಬ್ಬನ ಹೆಸರೇ ಸಿಗದಿದ್ದಾಗ ವಿಷಯ ಹೊರಬಿತ್ತು. ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿದರೆ, "ಅಳಿಸಿದ್ದನ್ನು ಒಂದು ತಿಂಗಳು ಮಾತ್ರ ಇಟ್ಟಿರುತ್ತೇವೆ" ಎಂಬ ಉತ್ತರ ಬಂತು. ಆಗ ಹಿರಿಯಾಕೆ ಮಗನನ್ನು ಕೇಳಿದರಂತೆ: "ಮೋಡದಲ್ಲಿಟ್ಟ ಲೆಕ್ಕ ಮಳೆಯಾಗಿ ಹರಿದುಹೋಯಿತೇನಪ್ಪ?"

ಈಗ ಆ ಮಗ ನನ್ನನ್ನು ಕೇಳಿದ್ದಾನೆ: "ಬ್ಯಾಕಪ್ ಸೇವೆ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಯಾವುದನ್ನು ತೆಗೆದುಕೊಳ್ಳಲಿ?" ಅಂಗಡಿ, ಶಾಲೆ, ಕ್ಲಿನಿಕ್, ಹೂವಿನ ವ್ಯಾಪಾರ ಮಾಡುವ ನಮ್ಮ ಅನೇಕ ಕುಟುಂಬಗಳಿಗೂ ಇದೇ ಪ್ರಶ್ನೆ ಇರಬಹುದು. ಆದ್ದರಿಂದ ಉತ್ತರವನ್ನು ಇಲ್ಲೇ ಬರೆಯುತ್ತಿದ್ದೇನೆ.

ಕ್ಲೌಡ್ ಎಂದರೆ ಆಕಾಶವಲ್ಲ. ಯಾವುದೋ ಊರಿನ ಯಾವುದೋ ಕಟ್ಟಡದಲ್ಲಿರುವ ಯಂತ್ರಗಳು. ಕಂಪನಿಯವರು ಆ ಯಂತ್ರಗಳನ್ನು ಕಾಯುತ್ತಾರೆ. ಆದರೆ ನಮ್ಮ ಪಾಸ್‌ವರ್ಡ್ ಹಾಕಿ ಯಾರಾದರೂ ಅಳಿಸಿದರೆ, ಅದನ್ನು ನಮ್ಮದೇ ಅಪ್ಪಣೆ ಎಂದು ತಿಳಿದು ಯಂತ್ರ ನಡೆಸಿಬಿಡುತ್ತದೆ.

ಕಟ್ಟಡಕ್ಕೂ ಅಪಾಯ ತಪ್ಪಿದ್ದಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಕೇಂದ್ರವೊಂದು ಸುಟ್ಟುಹೋಯಿತು. ಮೂಲವನ್ನೂ ನಕಲನ್ನೂ ಅದೇ ಜಾಗದಲ್ಲಿ ಇಟ್ಟಿದ್ದ ಕೆಲವು ಗ್ರಾಹಕರು ಎರಡನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಕೇಂದ್ರಕ್ಕೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ವ್ಯವಸ್ಥೆಯ 858 ಟೆರಾಬೈಟ್ ಮಾಹಿತಿ ನಾಶವಾಯಿತು. ಅದಕ್ಕೆ ಹೊರಗೆ ಬ್ಯಾಕಪ್ ಇರಲಿಲ್ಲ.

ಉಳಿದುಕೊಂಡವರ ಕಥೆಯೂ ಇದೆ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಗೂಗಲ್ ಕ್ಲೌಡ್ ವ್ಯವಸ್ಥೆ, ಜೋಡಣೆಯಲ್ಲಾದ ಒಂದು ತಪ್ಪಿನಿಂದ ಅಳಿಸಿಹೋಯಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರು ಸುಮಾರು ಒಂದು ವಾರ ತಮ್ಮ ಖಾತೆ ನೋಡಲಾಗಲಿಲ್ಲ. ಆದರೂ ಎಲ್ಲವೂ ಮರಳಿ ಬಂತು. ಏಕೆಂದರೆ ಅವರು ಬೇರೆ ಕಡೆಯೂ, ಬೇರೊಂದು ಸಂಸ್ಥೆಯಲ್ಲೂ ನಕಲು ಇಟ್ಟಿದ್ದರು.

ಈ ಬುದ್ಧಿ ನಮಗೆ ಹೊಸದಲ್ಲ. ಪ್ರತಿ ವರ್ಷದ ಕೊನೆಗೆ ಧರ್ಮಕೇಂದ್ರದ ದಾಖಲೆ ಪುಸ್ತಕಗಳ ನಕಲನ್ನು ಧರ್ಮಾಧ್ಯಕ್ಷರ ಕಚೇರಿಗೆ ಕಳುಹಿಸಬೇಕೆಂದು 1917ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲೇ ಹೇಳಿತ್ತು. ಇಲ್ಲಿ ಗೆದ್ದಲು ತಿಂದರೂ ಅಲ್ಲಿ ಜ್ಞಾನಸ್ನಾನದ ದಾಖಲೆ ಉಳಿಯುತ್ತದೆ.

ಇನ್ನು ಸೇವೆ ಮಾರುವವರಿಗೆ ಕೇಳಬೇಕಾದ ಪ್ರಶ್ನೆಗಳು.

ಮೊದಲನೆಯದು, ನಾವು ಬಳಸುವ ಸಾಫ್ಟ್‌ವೇರಿಗೆ ಇದು ಹೊಂದುತ್ತದೆಯೇ? ಅನೇಕ ಸೇವೆಗಳು ಗೂಗಲ್, ಮೈಕ್ರೋಸಾಫ್ಟ್‌ಗಳ ಮೇಲ್ ಮತ್ತು ಕಡತಗಳನ್ನು ಮಾತ್ರ ನಕಲು ಮಾಡುತ್ತವೆ. ಲೆಕ್ಕದ ಸಾಫ್ಟ್‌ವೇರ್ ಅದರಲ್ಲಿ ಸೇರದೆ ಇರಬಹುದು. ಸೇರಿದರೂ ಖಾತೆ, ಬಿಲ್ಲು, ಅವುಗಳಿಗೆ ಅಂಟಿಸಿದ ಚೀಟಿಯ ಫೋಟೋ ಎಲ್ಲ ಬರುತ್ತವೆಯೇ ಎಂದು ಕೇಳಿ. ಯಾವ ಸೇವೆಯೂ ಹೊಂದದಿದ್ದರೆ, ವಾರಕ್ಕೊಮ್ಮೆ ಎಲ್ಲ ಖಾತೆಗಳನ್ನೂ ಎಕ್ಸೆಲ್ ಕಡತವಾಗಿ ಇಳಿಸಿಕೊಂಡು ಬೇರೆ ಡಿಸ್ಕಿನಲ್ಲಿಡಿ.

ಎರಡನೆಯದು, ನಕಲು ಎಲ್ಲಿರುತ್ತದೆ, ಕೀಲಿ ಯಾರ ಬಳಿ ಇರುತ್ತದೆ? ಅದು ಬೇರೆ ಕಂಪನಿಯಲ್ಲಿರಲಿ, ಬೇರೆ ಪಾಸ್‌ವರ್ಡಿನಲ್ಲಿರಲಿ. ದಿನದ ಕೆಲಸ ಮಾಡುವವರಿಗೆ ನಕಲನ್ನು ಅಳಿಸುವ ಅಧಿಕಾರ ಬೇಡ. ಆದರೆ ಯಜಮಾನರೊಬ್ಬರಿಗೇ ಗೊತ್ತಿದ್ದರೂ ಸಾಲದು. ಅವರು ಆಸ್ಪತ್ರೆ ಸೇರಿದ ದಿನ ಬಾಗಿಲು ತೆಗೆಯುವವರಾರು? ಮನೆಯಲ್ಲಿ ಇಬ್ಬರಿಗೆ ತಿಳಿದಿರಲಿ.

ಮೂರನೆಯದು, ಎಷ್ಟು ಸಲ ನಕಲಾಗುತ್ತದೆ, ಎಷ್ಟು ಹಿಂದಿನದು ಸಿಗುತ್ತದೆ? ದಿನಕ್ಕೊಮ್ಮೆ ಎಂದರೆ ಒಂದು ದಿನದ ಲೆಕ್ಕ ಹೋದೀತು. ಅಷ್ಟನ್ನು ಚೀಟಿ ನೋಡಿ ಮತ್ತೆ ಬರೆಯಬಹುದು. ಆದರೆ ಹಳೆಯ ನಕಲುಗಳು ಹೆಚ್ಚು ಕಾಲ ಇರಬೇಕು. ಗೂಗಲ್ ಡ್ರೈವ್‌ನ ಕಸದ ಬುಟ್ಟಿ 30 ದಿನಕ್ಕೆ ಖಾಲಿಯಾಗುತ್ತದೆ. ಉದ್ದನಪಲ್ಲಿಯ ತಪ್ಪು ಗೊತ್ತಾದದ್ದು ಎರಡು ತಿಂಗಳಿಗೆ. ವರ್ಷದ ಹಿಂದಿನದಾದರೂ ಸಿಗುವಂತಿರಲಿ. ಜಿಎಸ್‌ಟಿ ನೋಂದಣಿ ಇದ್ದವರು, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿಡಬೇಕೆಂಬ ನಿಯಮವೂ ಇದೆ. ಕಂಪನಿಯಾಗಿ ನೋಂದಣಿ ಮಾಡಿಸಿದವರು, 2022ರ ಆಗಸ್ಟ್‌ನಿಂದ, ಕಂಪ್ಯೂಟರಿನಲ್ಲಿಟ್ಟ ಲೆಕ್ಕದ ಬ್ಯಾಕಪ್ಪನ್ನು ಪ್ರತಿದಿನ ಭಾರತದೊಳಗಿನ ಸರ್ವರಿನಲ್ಲಿ ಇಡಬೇಕು. ನಿಮ್ಮ ಆಡಿಟರನ್ನು ಕೇಳಿ ನೋಡಿ.

ನಾಲ್ಕನೆಯದು, ಸೇವೆ ನಿಲ್ಲಿಸಿದರೆ ನಮ್ಮ ಲೆಕ್ಕ ಏನಾಗುತ್ತದೆ? ಎಷ್ಟು ದಿನದೊಳಗೆ, ಯಾವ ರೂಪದಲ್ಲಿ ಹಿಂದಕ್ಕೆ ಕೊಡುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಐದನೆಯದೇ ಎಲ್ಲಕ್ಕಿಂತ ಮುಖ್ಯ. ನಕಲಿನಿಂದ ಲೆಕ್ಕವನ್ನು ಮರಳಿ ತರುವುದು ಹೇಗೆ? ಒಬ್ಬ ರೈತನ ಖಾತೆಯನ್ನಷ್ಟೇ ತರಲಾಗುತ್ತದೆಯೇ, ಇಲ್ಲ ಎಲ್ಲವನ್ನೂ ತಂದು ಇಂದಿನ ಲೆಕ್ಕದ ಮೇಲೆ ಸುರಿಯಬೇಕೇ? ಬಾಯಿಮಾತು ಬೇಡ, ನಿಮ್ಮ ಕಣ್ಣೆದುರು ಮಾಡಿ ತೋರಿಸಲಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ದೊಡ್ಡ ತಂತ್ರಾಂಶ ಕಂಪನಿಯಲ್ಲಿ ಸಿಬ್ಬಂದಿಯೊಬ್ಬರ ಕೈತಪ್ಪಿ ಮಾಹಿತಿ ಅಳಿಸಿಹೋಯಿತು. ಐದು ಬಗೆಯ ಬ್ಯಾಕಪ್ ಏರ್ಪಾಟುಗಳಿದ್ದವು. ಬೇಕಾದಾಗ ಯಾವುದೂ ಸರಿಯಾಗಿ ಕೈಹಿಡಿಯಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮುಂಚೆ ತೆಗೆದಿದ್ದ ಒಂದು ನಕಲು ಅವರನ್ನು ಉಳಿಸಿತು. ಕಂಪ್ಯೂಟರ್ ಪಂಡಿತರಿಗೇ ಹೀಗಾದರೆ ನಮ್ಮ ಪಾಡೇನು!

ಇಷ್ಟಕ್ಕೂ ಸರಿಯಾದ ಉತ್ತರ ಕೊಡುವವರಲ್ಲಿ ಅಗ್ಗವಾದದ್ದನ್ನು ಆರಿಸಿ. ಉತ್ತರವೇ ಇಲ್ಲದಿದ್ದರೆ ಬಿಟ್ಟಿ ಕೊಟ್ಟರೂ ಬೇಡ.

ಉದ್ದನಪಲ್ಲಿಯ ಮಂಡಿಯವರು ಏನು ಮಾಡಿದರು ಎಂದು ಕೇಳುವಿರಾ? ಹಿರಿಯಾಕೆ ರೂಢಿ ಬಿಡದೆ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಕೆಲವರ ಲೆಕ್ಕ ಬರೆಯುತ್ತಲೇ ಇದ್ದರು. ಅದರಲ್ಲಿದ್ದವರ ಹಣ ಸರಿಹೋಯಿತು. ಉಳಿದವರನ್ನು ಒಂದು ಭಾನುವಾರ ಕರೆದು, ಅವರ ಚೀಟಿಯನ್ನೂ, ಚೀಟಿ ಇಲ್ಲದವರ ಮಾತನ್ನೂ ನಂಬಿ ಕೊಟ್ಟರು. ಮದುವೆಯ ಹಣ ಮೊದಲು ಕೊಟ್ಟರು. ಒಂದಿಬ್ಬರು ಹೆಚ್ಚಿಗೆ ಹೇಳಿರಬಹುದು. ಒಬ್ಬ ರೈತ ಮಾತ್ರ, "ಇಷ್ಟಿಲ್ಲ ಅಮ್ಮ, ನಂದು ಕಮ್ಮಿ" ಎಂದು ಹಣ ಹಿಂದಕ್ಕೆ ಕೊಟ್ಟನಂತೆ. ಗುಮಾಸ್ತ ಹುಡುಗನನ್ನು ಕೆಲಸದಿಂದ ಬಿಡಿಸಲಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು ಎನ್ನಬೇಡಿ. ನಮ್ಮ ಪುಸ್ತಕದಲ್ಲಿರುವ ಲೆಕ್ಕ ನಮ್ಮದಷ್ಟೇ ಅಲ್ಲ, ನಮ್ಮನ್ನು ನಂಬಿದವರದ್ದೂ ಹೌದು. ಈ ಸಂಜೆ ಅಂಗಡಿ ಮುಚ್ಚುವ ಮೊದಲು, ನಿಮ್ಮ ನಕಲಿನಿಂದ ಯಾರಾದರೂ ಒಬ್ಬರ ಖಾತೆಯನ್ನು ಹೊರತೆಗೆದು ನೋಡಿ. ಬಂದರೆ ಬ್ಯಾಕಪ್ ಇದೆ. ಬರದಿದ್ದರೆ ನಾಳೆಯೇ ಆ ಕೆಲಸ ಶುರುಮಾಡಿ.