ಕೊಡಲಿ ಬೀಳುವ ಮೊದಲೂ ಇಲ್ಲಿ ಜನರಿದ್ದರು

ಬ್ರಹ್ಮಕಲಶೋತ್ಸವವಿರಲಿ, ಸಹಕಾರಿ ಸಂಘದ ಶಾಖೆಯ ಉದ್ಘಾಟನೆಯಿರಲಿ, ಕರಾವಳಿಯಲ್ಲಿ ಮೈಕ್ ಹಿಡಿದವರ ಬಾಯಿಂದ ಮೊದಲು ಹೊರಡುವ ಮಾತು ‘ಪರಶುರಾಮ ಸೃಷ್ಟಿಯ ಈ ತುಳುನಾಡು’. ಕೇಳಿ ಕೇಳಿ ನಮ್ಮ ಕಿವಿ ಜಡ್ಡುಗಟ್ಟಿದೆ. ಕಾರ್ಕಳದ ಬೈಲೂರಿನ ಗುಡ್ಡದ ಮೇಲೆ 2023ರ ಜನವರಿಯಲ್ಲಿ 33 ಅಡಿಯ ಪರಶುರಾಮ ಪ್ರತಿಮೆ ಅನಾವರಣಗೊಂಡಿತು, ಅದೇ ವರ್ಷ ಅದರ ಮೇಲ್ಭಾಗ ಕೆಳಗಿಳಿಯಿತು. ಅಂದಿನಿಂದ ಅದು ಕಂಚೋ ಫೈಬರೋ ಎಂಬ ಜಗಳ ನಿಂತಿಲ್ಲ. ಸಾರ್ವಜನಿಕ ಹಣದ ಲೆಕ್ಕ ಕೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂಚು ಎಂದವರೂ ಫೈಬರ್ ಎಂದವರೂ ಒಂದು ಮಾತನ್ನು ಮುಟ್ಟದೆ ಬಿಟ್ಟರು: ಪರಶುರಾಮ ಕೊಡಲಿ ಎಸೆದು, ಸಮುದ್ರವನ್ನು ಹಿಂದೆ ಸರಿಸಿ ಈ ನಾಡನ್ನು ಮಾಡಿದ ಎಂಬ ಮಾತನ್ನು. ನನ್ನ ತಕರಾರು ಇರುವುದು ಅಲ್ಲಿ.

ನಂಬಿಕೆಯನ್ನು ಪ್ರಶ್ನಿಸಬಾರದು ಎನ್ನುತ್ತಾರೆ. ಪರಶುರಾಮನಿಗೆ ಕೈಮುಗಿಯುವವರು ಮುಗಿಯಲಿ, ಯಾರೂ ಅಡ್ಡ ಬರುವುದಿಲ್ಲ. ಅದನ್ನೇ ನಮ್ಮ ನಾಡಿನ ಹುಟ್ಟಿನ ಚರಿತ್ರೆ ಎಂದು ಸರ್ಕಾರದ ದುಡ್ಡಿನಲ್ಲಿ ಗುಡ್ಡದ ಮೇಲೆ ನಿಲ್ಲಿಸಿದರೆ ಚರಿತ್ರೆಯ ಲೆಕ್ಕದಲ್ಲೇ ಉತ್ತರ ಕೊಡಬೇಕಾಗುತ್ತದೆ.

ಸಂಗಂ ಕಾಲದ ತಮಿಳು ಸಂಕಲನ ಅಗನಾನೂರಿನ 15ನೇ ಪದ್ಯದಲ್ಲಿ ಮಾಮೂಲನಾರ್ ಎಂಬ ಕವಿ ತುಳುನಾಡನ್ನು ಹೆಸರು ಹಿಡಿದು ಕರೆದಿದ್ದಾನೆ. ಅವನ ಕಣ್ಣಿಗೆ ಅದು ಕೋಸರೆಂಬ ಜನರ ನಾಡು, ನವಿಲುಗಳಿರುವ ತೋಪುಗಳ ನಾಡು. ಬರಿಗೈಯಲ್ಲಿ ಬಂದ ಪರಸ್ಥಳದವರನ್ನು ಆ ನಾಡು ಸಲಹುತ್ತದಂತೆ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಹೊರಗಿನ ಕವಿಯೊಬ್ಬ ಅಷ್ಟು ಹಿಂದೆ ನಮ್ಮವರನ್ನು ಕಂಡ ಬಗೆ ಇದು! ಕೊಡಲಿಯ ಕಥೆ ಹೇಳುವ ಸಹ್ಯಾದ್ರಿ ಖಂಡವೆಂಬ ಗ್ರಂಥ ಇದಕ್ಕಿಂತ ಎಷ್ಟೋ ಶತಮಾನ ಈಚಿನದು. ಹೆಸರೂ ಜನರೂ ಮೊದಲೇ ಇದ್ದರು, ಸೃಷ್ಟಿಯ ಕಥೆ ಆಮೇಲೆ ಬಂತು. ಇಷ್ಟೊಂದು ಘನತೆಯ ಸಾಕ್ಷಿ ಕೈಯಲ್ಲಿದ್ದೂ ನಮ್ಮ ಮಕ್ಕಳಿಗೆ ಅದರ ಹೆಸರೇ ಗೊತ್ತಿಲ್ಲ.

ಸಮುದ್ರ ಹಿಂದೆ ಸರಿದ ನೆನಪೇ ಈ ಕಥೆ, ಇದಕ್ಕೆ ವಿಜ್ಞಾನದ ಆಧಾರವಿದೆ ಎಂದು ಈಗೀಗ ಹೊಸ ವಾದವೊಂದು ಹುಟ್ಟಿಕೊಂಡಿದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು. ನೆನಪಿಟ್ಟುಕೊಳ್ಳಲು ಆಗ ಮನುಷ್ಯರೇ ಇರಲಿಲ್ಲ. ಇದಕ್ಕಿಂತ ಬೇರೆ ವಿಜ್ಞಾನ ಬೇಕೆ?

ಅದೇ ಕೊಡಲಿಯ ಕಥೆಯನ್ನು ಕೊಂಕಣದವರು ಹೇಳುತ್ತಾರೆ, ಗೋವಾದವರು ಹೇಳುತ್ತಾರೆ, ಕೇರಳದವರೂ ಹೇಳುತ್ತಾರೆ. ಕೇರಳದ ಹುಟ್ಟಿನ ಕಥೆ ಹೇಳುವ ಕೇರಳೋಲ್ಪತ್ತಿಯ ಪ್ರಕಾರ ಗೋಕರ್ಣದಿಂದ ಕನ್ಯಾಕುಮಾರಿಯವರೆಗಿನದೆಲ್ಲ ಕೇರಳ, ತುಳುರಾಜ್ಯ ಅದರೊಳಗಿನ ಒಂದು ತುಂಡು. 1956ರಲ್ಲಿ ಕಾಸರಗೋಡು ಕೈತಪ್ಪಿದ್ದಕ್ಕೆ ಇಂದಿಗೂ ಸಂಕಟಪಡುವವರು ಉಡುಪಿ, ಮಂಗಳೂರುಗಳನ್ನೂ ಕೇರಳಕ್ಕೆ ಬರೆದುಕೊಡುವ ಕಥೆಯನ್ನು ಎದೆಯುಬ್ಬಿಸಿ ಹೇಳುವುದು ನನಗೆ ಅರ್ಥವಾಗುವುದಿಲ್ಲ.

ಹಳಮೆಯ ಹೆಮ್ಮೆ ಬೇಕಾದರೆ ಈ ನಾಡನ್ನಾಳಿದ ಆಳುಪ ಅರಸರಿದ್ದಾರೆ. ಹಲ್ಮಿಡಿ ಶಾಸನದಲ್ಲಿ ಅವರ ಹೆಸರಿದೆ, 634ರ ಐಹೊಳೆ ಶಾಸನದಲ್ಲಿದೆ. 13ನೇ ಶತಮಾನದ ಕೊನೆಯಲ್ಲಿ ಬಲ್ಲಮಹಾದೇವಿ ಎಂಬ ಹೆಣ್ಣುಮಗಳು ಬಾರಕೂರಿನಿಂದ ಈ ನಾಡನ್ನು ಆಳಿದಳು. ಮೂಡುಬಿದಿರೆ ಬಳಿಯ ಮೂಡುಕೊಣಾಜೆಯಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳಿವೆ, ಅಲ್ಲಿ ಸುಟ್ಟ ಮಣ್ಣಿನ ಗೊಂಬೆಗಳು ಸಿಕ್ಕಿವೆ. ಅಶೋಕನ ಶಾಸನದ ಸತಿಯಪುತ್ರರು ನಾವೇ ಎಂಬ ಹೆಮ್ಮೆಯೂ ಒಂದು ಕಾಲಕ್ಕೆ ಇತ್ತು. ತಮಿಳುನಾಡಿನ ಜಂಬೈ ಶಾಸನ ಸಿಕ್ಕಿದ ಮೇಲೆ ಆ ಹೆಸರು ಅಲ್ಲಿನ ಅದಿಯಮಾನರೆಂಬ ಅರಸರ ಪಾಲಾಯಿತು. ಹೋಗಲಿ. ಇದ್ದದ್ದೇ ನಮಗೆ ಧಾರಾಳವಾಗಿದೆ.

ಮತ್ತೆ ಈ ಕಥೆಯ ಮೇಲೇಕೆ ಇಷ್ಟು ಹಟ? ಅದರ ಎರಡನೆಯ ಅರ್ಧವನ್ನು ನೋಡಿ. ಪರಶುರಾಮ ಸಮುದ್ರದಿಂದ ನೆಲವನ್ನು ಪಡೆದು ಸುಮ್ಮನಿರಲಿಲ್ಲ, ತನಗೆ ಬೇಕಾದವರಿಗೆ ದಾನ ಕೊಟ್ಟ. ಅಂದರೆ ಇದು ಭೂಮಿಯ ಮೂಲಪತ್ರ. ದಾನ ಪಡೆದವರು ಧಣಿಗಳು, ಗದ್ದೆಗಿಳಿದವರು ಅವರ ಒಕ್ಕಲು. ತಲೆತಲಾಂತರದಿಂದ ಉತ್ತು ಬಿತ್ತಿದವರು ಚಾಲಗೇಣಿಯವರಾಗಿ, ಯಾವ ವರ್ಷ ಒಕ್ಕಲೆಬ್ಬಿಸುತ್ತಾರೋ ಎಂಬ ಭಯದಲ್ಲಿ ಗೇಣಿ ಅಕ್ಕಿ ಹೊತ್ತು ಧಣಿಯ ಅಂಗಳದಲ್ಲಿ ನಿಲ್ಲುತ್ತಿದ್ದರು. 1974ರ ಭೂಸುಧಾರಣೆ ಕಾನೂನು ಬಂದು, ಡಿಕ್ಲರೇಶನ್ ಕೊಟ್ಟು, ಪಹಣಿಯಲ್ಲಿ ಹೆಸರು ಬಂದ ಮೇಲೆ ಸಾವಿರಾರು ಮನೆಗಳು ತಲೆಯೆತ್ತಿದವು. ಕಾನೂನು ಕಿತ್ತುಹಾಕಿದ ಆ ಮೂಲಪತ್ರವನ್ನು ಗೇಣಿದಾರರ ಮೊಮ್ಮಕ್ಕಳೇ ಇಂದು ಬ್ಯಾನರಿಗೆ ಹಾಕುತ್ತಿದ್ದಾರೆ. ನನಗೆ ಸಿಟ್ಟು ಬರುವುದು ಇದಕ್ಕೆ.

ಪ್ರತಿಮೆ ನಿಲ್ಲಿಸುವವರಿಗೆ ತುಳುವಿನ ಮೇಲೆ ನಿಜವಾದ ಪ್ರೀತಿಯಿದ್ದರೆ ಮಾಡಲು ಬೇರೆ ಕೆಲಸವಿದೆ. 2011ರ ಜನಗಣತಿಯಲ್ಲಿ ತುಳುವನ್ನು ತಾಯ್ನುಡಿ ಎಂದು ಬರೆಸಿದವರು 18,46,427 ಮಂದಿ, ಸಂಸ್ಕೃತವನ್ನು ಬರೆಸಿದವರು 24,821 ಮಂದಿ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಸಂಸ್ಕೃತವಿದೆ, ತುಳುವಿಲ್ಲ. ಚುನಾವಣೆ ಬಂದಾಗ ಅದನ್ನು ಸೇರಿಸುವ ಭರವಸೆ ಕೊಡುತ್ತಾರೆ, ಗೆದ್ದ ಮೇಲೆ ಪ್ರತಿಮೆ ಕೊಡುತ್ತಾರೆ.

ಇನ್ನು ಈ ನೆಲದ ಆದಿವಾಸಿಗಳಾದ ಕೊರಗರು. ಹುಬಾಶಿಕನೆಂಬ ತಮ್ಮವನೊಬ್ಬ ಈ ಸೀಮೆಯನ್ನು ಆಳಿದ್ದ, ಆಮೇಲೆ ತಮ್ಮನ್ನು ಕಾಡಿಗಟ್ಟಿದರು ಎಂಬ ಐತಿಹ್ಯ ಅವರದು. ಅದನ್ನು ಯಾವ ಗುಡ್ಡದ ಮೇಲೂ ಯಾರೂ ನಿಲ್ಲಿಸಲಿಲ್ಲ. ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಈ ರಾಜ್ಯಕ್ಕೆ 2000ನೇ ಇಸವಿಯಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಈ ನೆಲ ಕೊಡಲಿ ಬಿದ್ದಲ್ಲಿ ಸಮುದ್ರದಿಂದ ಎದ್ದ ಖಾಲಿ ನೆಲವಾಗಿದ್ದರೆ ಕೊರಗರಿಂದ ಯಾರೂ ಏನನ್ನೂ ಕಸಿದಿಲ್ಲ ಎಂದಾಗುತ್ತದೆ. ‘ಪರಶುರಾಮ ಸೃಷ್ಟಿ’ ಎನ್ನುವವರು ಅದನ್ನು ಒಂದು ಸಲ ಕೊರಗರ ಕಾಲನಿಗೆ ಹೋಗಿ, ಅವರ ಮುಖ ನೋಡಿ ಹೇಳಲಿ.