ಮೂರನೇ ಭೇಟಿಗೊಂದು ಅನುದಾನ ಕೊಡಿ

ಗೆ,
ಡಾ. ಜಿ. ಪರಮೇಶ್ವರ ಅವರು,
ಮಾನ್ಯ ಗೃಹ ಸಚಿವರು, ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ನಾನು ಹಾವೇರಿ ಜಿಲ್ಲೆಯ ನಿವೃತ್ತ ಕನ್ನಡ ಶಾಲೆ ಮಾಸ್ತರ. ಹಿರೇಕೆರೂರು, ಸವಣೂರು, ಶಿಗ್ಗಾವಿ, ಕೊನೆಗೆ ಹಾನಗಲ್ ಹೀಗೆ ನಾಲ್ಕು ತಾಲ್ಲೂಕುಗಳ ನೀರು ಕುಡಿದು ನಿವೃತ್ತನಾದವನು. ಈ ನಾಲ್ಕು ಊರುಗಳ ಪರವಾಗಿ ಒಂದು ಬೇಡಿಕೆ ಇಡಲು ಈ ಪತ್ರ ಬರೆಯುತ್ತಿದ್ದೇನೆ. ಇದಕ್ಕೆ ಕಟ್ಟಡ ಬೇಕಿಲ್ಲ, ಶಂಕುಸ್ಥಾಪನೆ ಬೇಕಿಲ್ಲ. ಆದರೆ ದುಡ್ಡು ಬೇಕು.

ಮೊದಲು ನಮ್ಮ ಮನೆಯ ಕಟ್ಟೆಯ ಮೇಲೆ ನಡೆದದ್ದನ್ನು ಹೇಳುತ್ತೇನೆ. 2025ರ ಜುಲೈನಲ್ಲಿ ತಾವು ‘ಮನೆ ಮನೆಗೆ ಪೊಲೀಸ್’ ಯೋಜನೆಗೆ ಚಾಲನೆ ಕೊಟ್ಟಿರಿ. ಅದಾಗಿ ಕೆಲವು ದಿನಕ್ಕೆ ಒಬ್ಬ ಹುಡುಗ ಪೊಲೀಸ್ ನಮ್ಮ ಬಾಗಿಲಿಗೆ ಬಂದ. ಸ್ವಂತ ಬೈಕು, ಬೆವರಿಗೆ ಬೆನ್ನಿಗಂಟಿದ ಖಾಕಿ ಅಂಗಿ, ಬಗಲಲ್ಲಿ ಸುರುಳಿ ಸುತ್ತಿದ ಒಂದು ನೋಟ್‌ಬುಕ್ಕು. ‘ಎಲ್ಲಿಯವರಪ್ಪಾ’ ಎಂದೆ. ‘ನಮ್ಮದು ಇಂಡಿ ಕಡೆ ರೀ ಸರ’ ಎಂದ. ಪೆನ್ನಿನ ಮಸಿ ಮುಗಿದಿತ್ತು, ನನ್ನದನ್ನೇ ಕೊಟ್ಟೆ. ಹೆಸರು, ಮೊಬೈಲ್ ನಂಬರು, ಮನೆಯಲ್ಲಿ ಎಷ್ಟು ಜನ ಎಂದು ಬರೆದುಕೊಂಡ. ‘ಏನರ ತೊಂದ್ರಿ ಐತೇನ್ರಿ’ ಎಂದು ಕೇಳಿದ. ‘ಏನೂ ಇಲ್ಲಪ್ಪ’ ಎಂದೆ. ನನ್ನ ಹೆಂಡತಿ ಒಳಗೆ ಚಹಾಕ್ಕೆ ನೀರಿಡುವಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಎಲ್ಲಿಯದೋ ಬಂದೋಬಸ್ತು. ‘ಚಾ ಮುಂದಿನ ಸಲ ಕುಡೀತೀನ್ರಿ ಅವ್ವಾರ’ ಎಂದವನೇ ಬೈಕು ಹತ್ತಿದ. ಮತ್ತೆ ಬರಲಿಲ್ಲ. ಆಮೇಲೆ ವಿಚಾರಿಸಿದರೆ, ಅವನ ಬೀಟು ಬೇರೆಯಾಗಿತ್ತು.

ಹುಡುಗನದು ತಪ್ಪಿಲ್ಲ. ನಾನು ‘ಏನೂ ಇಲ್ಲ’ ಎಂದದ್ದು ಮಾತ್ರ ಸುಳ್ಳು. ಹೊಲದ ಬೋರ್‌ವೆಲ್ಲಿನ ಕೇಬಲ್ಲನ್ನು ಎರಡನೇ ಸಲ ಕತ್ತರಿಸಿಕೊಂಡು ಹೋಗಿದ್ದರು. ಯಾರೆಂದು ಅರ್ಧ ಊರಿಗೆ ಗೊತ್ತು, ನನಗೂ ಗುಮಾನಿ ಇತ್ತು. ಆದರೆ ಮೊದಲ ಸಲ ಮುಖ ಕಂಡವನ ಮುಂದೆ, ಅದೂ ಖಾಕಿ ತೊಟ್ಟವನ ಮುಂದೆ, ಆ ಹೆಸರು ಬಾಯಿಗೆ ಬರಲಿಲ್ಲ.

ಮನೆ ಮನೆ ತಿರುಗುವ ಕೆಲಸ ನಮ್ಮಂಥ ಮಾಸ್ತರರಿಗೆ ಹೊಸದಲ್ಲ. 2010ರಲ್ಲಿ ಮನೆಪಟ್ಟಿ ಮಾಡಿದೆ, 2011ರ ಫೆಬ್ರುವರಿಯಲ್ಲಿ ಜನಗಣತಿಗೆಂದು ಅದೇ ಓಣಿಗಳಿಗೆ ಹೋದೆ, ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿಕೊಂಡು ಮೂರನೇ ಸಲವೂ ಹೋದೆ. ಆಗ ಕಲಿತ ಪಾಠ ಇಷ್ಟೆ: ಮೊದಲ ಸಲ ಹೋದರೆ ಜನ ಹೆಸರು ಹೇಳುತ್ತಾರೆ, ಎರಡನೇ ಸಲ ಕುಡಿಯಲು ನೀರು ಕೊಡುತ್ತಾರೆ, ಮೂರನೇ ಸಲ ಕಷ್ಟ ಹೇಳಿಕೊಳ್ಳುತ್ತಾರೆ. ತಮ್ಮ ಯೋಜನೆ ನಮ್ಮ ಕಡೆ ಮೊದಲ ಭೇಟಿಗೇ ಸುಸ್ತಾಗಿ ಕೂತಿದೆ. ಆ ಮೂರನೇ ಭೇಟಿಗೆ ದುಡ್ಡು ಕೊಡಿ ಎಂಬುದೇ ಈ ಪತ್ರದ ಸಾರ.

ಪೊಲೀಸರು ನಮಗೆ ಅಪರಿಚಿತರಲ್ಲ. ಶಿಗ್ಗಾವಿ ಪಕ್ಕದ ಗಂಗೇಭಾವಿಯಲ್ಲಿ ಕೆಎಸ್‌ಆರ್‌ಪಿಯ ಹತ್ತನೇ ಪಡೆಯೇ ಬೀಡುಬಿಟ್ಟಿದೆ. ಶಿಗ್ಗಾವಿಯಿಂದ ಗೆದ್ದ ಬಸವರಾಜ ಬೊಮ್ಮಾಯಿಯವರು ಈಗ ತಾವಿರುವ ಕುರ್ಚಿಯಲ್ಲೇ ಗೃಹ ಸಚಿವರಾಗಿ ಕೂತು, ಆಮೇಲೆ ಮುಖ್ಯಮಂತ್ರಿಯಾದರು. ಪೊಲೀಸ್ ಅಧಿಕಾರಿಯಾಗಿದ್ದು ಸಿನಿಮಾಕ್ಕೆ ಹೋದ ಬಿ.ಸಿ. ಪಾಟೀಲರನ್ನು ಹಿರೇಕೆರೂರು ವಿಧಾನಸಭೆಗೆ ಕಳಿಸಿತು. ಇಷ್ಟಿದ್ದೂ ಠಾಣೆಯ ಮೆಟ್ಟಿಲು ನಮ್ಮ ಜನಕ್ಕೆ ಎತ್ತರವಾಗಿಯೇ ಉಳಿದಿದೆ. ಅದಕ್ಕೆ ಕಾರಣವೂ ಇದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಗಿ ಎರಡು ಜೀವ ಹೋದವು. ಬಿತ್ತನೆ ಕಾಲಕ್ಕೆ ಗೊಬ್ಬರದ ಸರದಿ ಉದ್ದವಾದಾಗಲೆಲ್ಲ ಆ ದಿನದ ಮಾತು ಬಂದೇ ಬರುತ್ತದೆ.

2025ರ ಜನವರಿಯದು ಇನ್ನೊಂದು ಮಾತು. ಮೈಕ್ರೋಫೈನಾನ್ಸ್ ವಸೂಲಿಗಾರರ ಕಾಟ ತಾಳದೆ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ತಾಳಿ ಉಳಿಸಿಕೊಡಿ ಎಂದು ಮುಖ್ಯಮಂತ್ರಿಗಳಿಗೆ ಮಾಂಗಲ್ಯವನ್ನೇ ಅಂಚೆಯಲ್ಲಿ ಕಳಿಸಿದರು. ಮರುತಿಂಗಳೇ ಸರ್ಕಾರ ಸುಗ್ರೀವಾಜ್ಞೆ ತಂದಿತು, ಒಳ್ಳೆಯದಾಯಿತು. ಆದರೆ ಒಂದು ಕ್ಷಣ ಯೋಚಿಸಿ: ಹೊಸ್ತಿಲ ಮೇಲೆ ಕೂತು ಬೈಯುವವನ ಬಗ್ಗೆ ಹೇಳಲು ಆ ತಾಯಂದಿರಿಗೆ ಕೂಗಳತೆಯ ಠಾಣೆಗಿಂತ ಮುನ್ನೂರು ಕಿಲೋಮೀಟರಿಗೂ ಆಚೆಯ ವಿಧಾನಸೌಧ ಹತ್ತಿರ ಅನ್ನಿಸಿತು. ಓಣಿಯ ಬೀಟ್ ಪೊಲೀಸನ ಹೆಸರು ಅವರಿಗೆ ಗೊತ್ತಿದ್ದರೆ ಆ ಲಕೋಟೆ ಬೆಂಗಳೂರಿಗೆ ಬರುವ ಮೊದಲೇ ಒಂದು ಮಾತು ಠಾಣೆಗೆ ಮುಟ್ಟುತ್ತಿತ್ತು.

ಹಾಗೆಂದು ಹಳೆಯ ಕಾಲವೇ ಚೆಂದವಿತ್ತೆಂದು ನಾನು ಹಾಡುವುದಿಲ್ಲ. ನಾವು ಮುಂಬಯಿ ಪ್ರಾಂತದಲ್ಲಿದ್ದಾಗ 1867ರ ಗ್ರಾಮ ಪೊಲೀಸ್ ಕಾಯಿದೆಯಂತೆ ಊರಿಗೊಬ್ಬ ಪೊಲೀಸ್ ಪಾಟೀಲ, ಅವನ ಕೈಕೆಳಗೆ ತಳವಾರ, ವಾಲೀಕಾರ, ಶೇತಸನದಿ. ಊರೊಳಗೆ ಬಂದ ಹೊಸ ಮುಖ ಯಾವುದು, ರಾತ್ರಿ ಯಾರ ದನ ಎಲ್ಲಿಗೆ ಹೋಯಿತು, ಎಲ್ಲ ಅವರಿಗೆ ತಿಳಿದಿರುತ್ತಿತ್ತು. ಆದರೆ ಅಧಿಕಾರ ವಂಶಪಾರಂಪರ್ಯ, ನ್ಯಾಯ ಗೌಡರ ಕಟ್ಟೆಯ ಮೇಲೆ. ಕಟ್ಟೆ ಹತ್ತಲಾಗದ ಜಾತಿಯವರಿಗೆ ಅದು ಕಾವಲೂ ಅಲ್ಲ, ನ್ಯಾಯವೂ ಅಲ್ಲ. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ ಅದನ್ನು ತೆಗೆದುಹಾಕಿದ್ದು ಸರಿಯೇ. ಆದರೆ ಆ ಪರಿಚಯದ ಜಾಗಕ್ಕೆ ಏನು ಬಂತು? 1964ರಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯಿದೆ ಬಂತು, 2017ರಲ್ಲಿ ಕಾನ್‌ಸ್ಟೆಬಲ್‌ಗೊಂದು ಬೀಟು, ಬೀಟಿಗೊಂದು ನಾಗರಿಕರ ಗುಂಪು ಎಂಬ ಸುಧಾರಿತ ಗಸ್ತು ಬಂತು, ಈಗ ನಲವತ್ತು ಐವತ್ತು ಮನೆಗಳ ಗುಂಪು ಮಾಡಿ ಬಾಗಿಲು ಬಡಿಯುವ ತಮ್ಮ ಯೋಜನೆ. ಆಲೋಚನೆಗೆ ಕೊರತೆಯಿಲ್ಲ, ಸ್ವಾಮಿ. ಬಾಗಿಲು ಬಡಿಯುವವನಿಗೆ ಪುರುಸೊತ್ತಿಲ್ಲ.

ಸದ್ಯಕ್ಕೆ ನಮ್ಮಲ್ಲಿ ಜನಸ್ನೇಹಿ ಪೊಲೀಸ್ ಎಂದರೆ ಶಾಂತಿ ಸಭೆ. ಗಣಪತಿ ಹಬ್ಬ, ಈದ್ ಮಿಲಾದ್ ಹತ್ತಿರ ಬಂದಾಗ ಠಾಣೆಯ ಅಂಗಳದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಸಣ್ಣ ಕಪ್ಪಿನಲ್ಲಿ ಚಹಾ. ಮೊದಲ ಸಾಲಿನಲ್ಲಿ ಅವೇ ಹತ್ತು ಮುಖಂಡರು. ಅವರ ತಂದೆಯವರೂ ಅದೇ ಸಾಲಿನಲ್ಲಿ ಕೂತದ್ದನ್ನು ನಾನು ಕಂಡಿದ್ದೇನೆ. ಭಾಷಣ, ಫೋಟೊ, ಮರುದಿನ ಪತ್ರಿಕೆಯಲ್ಲಿ ಸುದ್ದಿ. ಆ ಸಭೆಗೆ ಕಾಯಿಪಲ್ಲೆ ಮಾರುವವಳು ಬರುವುದಿಲ್ಲ, ಹಾಸ್ಟೆಲಿನ ಹುಡುಗಿ ಬರುವುದಿಲ್ಲ, ಪೌರಕಾರ್ಮಿಕರ ಓಣಿಯವರು ಬರುವುದಿಲ್ಲ. 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದು ತಮಗೆ ನೆನಪಿರಬಹುದು. ಬಾಯಿಮಾತಿಗೆ ಯಾರೂ ಕಿವಿಗೊಡದೆ ಹೋದರೆ ಜನ ಎಲ್ಲಿಯವರೆಗೆ ಹೋಗುತ್ತಾರೆ ಎನ್ನುವುದಕ್ಕೆ ನಮ್ಮ ಸೀಮೆಯಲ್ಲಿ ಅದಕ್ಕಿಂತ ಕಠೋರ ಸಾಕ್ಷಿಯಿಲ್ಲ.

ಸಮುದಾಯ ಎಂಬ ಮಾತಿಗೆ ಇನ್ನೂ ಅಪಾಯದ ಮುಖವೊಂದಿದೆ. ಅದನ್ನೂ ಮುಚ್ಚಿಡದೆ ಹೇಳಬೇಕು. 2024ರ ಜನವರಿಯಲ್ಲಿ ಹಾನಗಲ್ಲಿನ ಹೆಸರು ದೇಶದ ಟಿ.ವಿ.ಗಳಲ್ಲೆಲ್ಲ ಬಂತು. ವಸತಿಗೃಹದ ಕೋಣೆಗೆ ನುಗ್ಗಿದ ಗುಂಪೊಂದು ಜೋಡಿಯನ್ನು ಥಳಿಸಿ ಅದನ್ನು ಮೊಬೈಲಿನಲ್ಲಿ ಚಿತ್ರಿಸಿತು. ತಮ್ಮ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತೆಂದು ಆ ಹೆಣ್ಣುಮಗಳು ದೂರಿದರು. ಮರುವರ್ಷ ಮೇ ತಿಂಗಳಲ್ಲಿ ಜಾಮೀನು ಸಿಕ್ಕ ಆರೋಪಿಗಳನ್ನು ಅಕ್ಕಿಆಲೂರಿನಲ್ಲಿ ಮೆರವಣಿಗೆ ಮಾಡಿದ್ದೂ ನಡೆಯಿತು. ಹಾಗೆ ನುಗ್ಗುವವರೂ ತಾವು ಊರಿನ ಮಾನ ಕಾಯುವವರು ಎಂದೇ ಹೇಳಿಕೊಳ್ಳುತ್ತಾರೆ. ಆದ್ದರಿಂದ ನಾಗರಿಕ ಸಮಿತಿಯ ಹೆಸರಲ್ಲಿ ಇಂಥವರ ಕೈಗೆ ಗುರುತಿನ ಚೀಟಿ, ಸೀಟಿ, ಲಾಠಿ ಕೊಟ್ಟರೆ ಕೇಡು ತಪ್ಪಿದ್ದಲ್ಲ. ತಮಿಳುನಾಡಿನಲ್ಲಿ ತೊಂಬತ್ತರ ದಶಕದಲ್ಲಿ ಹುಟ್ಟಿದ ‘ಫ್ರೆಂಡ್ಸ್ ಆಫ್ ಪೊಲೀಸ್’ ಪಡೆಯನ್ನು ಸಾತ್ತಾನ್‌ಕುಳಂನ ತಂದೆ ಮಗನ ಕಸ್ಟಡಿ ಸಾವಿನ ನಂತರ 2020ರ ಜುಲೈನಲ್ಲಿ ಅಲ್ಲಿನ ಸರ್ಕಾರವೇ ನಿಷೇಧಿಸಿತು. ಕೇರಳ 2008ರಲ್ಲಿ ಶುರುಮಾಡಿದ ‘ಜನಮೈತ್ರಿ’ ಹಿಡಿದ ದಾರಿ ಬೇರೆ. ಅಲ್ಲಿ ಬೀಟ್ ಪೊಲೀಸನೇ ಮನೆ ಮನೆಗೆ ಹೋಗಬೇಕು, ತನ್ನ ಬೀಟಿನ ಕುಟುಂಬಗಳ ಪರಿಚಯ ಮಾಡಿಕೊಳ್ಳಬೇಕು. ಜನರನ್ನು ಪೊಲೀಸರನ್ನಾಗಿ ಮಾಡುವುದು ಬೇಡ, ಪೊಲೀಸರನ್ನು ಊರಿನವರನ್ನಾಗಿ ಮಾಡಿ.

ಇನ್ನು ದುಡ್ಡಿನ ಮಾತು. ಅಮೆರಿಕದಲ್ಲಿ 1994ರ ಕಾನೂನಿನ ನಂತರ ಬೀದಿಗೆ ಒಂದು ಲಕ್ಷ ಪೊಲೀಸರನ್ನು ಇಳಿಸುತ್ತೇವೆಂದು ಅಲ್ಲಿನ ಕೇಂದ್ರ ಸರ್ಕಾರ ಅನುದಾನ ತೆರೆಯಿತು. ಊರುಗಳು ನೇರವಾಗಿ ಅರ್ಜಿ ಹಾಕಿದವು. ಮೂರು ವರ್ಷ ಸಂಬಳದ ಮುಕ್ಕಾಲು ಪಾಲಿನವರೆಗೆ ಕೇಂದ್ರದ್ದು, ಆಮೇಲೆ ಹೊರೆಯೆಲ್ಲ ಊರಿನದೇ. ನಮ್ಮಲ್ಲಿ ಹಾನಗಲ್, ಶಿಗ್ಗಾವಿ, ಸವಣೂರು ಪುರಸಭೆಗಳಾಗಲಿ ಹಿರೇಕೆರೂರಿನ ಪಟ್ಟಣ ಪಂಚಾಯಿತಿಯಾಗಲಿ ಹಾಗೆ ಅರ್ಜಿ ಹಾಕುವಂತಿಲ್ಲ. ಸಂವಿಧಾನದ 12ನೇ ಅನುಸೂಚಿ ನಗರಸಂಸ್ಥೆಗಳಿಗೆ ಹೇಳಿರುವ 18 ವಿಷಯಗಳಲ್ಲಿ ಬೀದಿದೀಪವಿದೆ, ಬಸ್ ನಿಲ್ದಾಣವಿದೆ, ಪೊಲೀಸ್ ಇಲ್ಲ. ಪೊಲೀಸ್ ರಾಜ್ಯದ ಬಾಬ್ತು. ಕೇಂದ್ರ 1969-70ರಿಂದ ಕೊಡುತ್ತಿರುವ ಪೊಲೀಸ್ ಆಧುನೀಕರಣದ ನೆರವು ರಾಜ್ಯದ ಮೂಲಕವೇ ಬರಬೇಕು. ನಿರ್ಭಯಾ ನಿಧಿಯ ‘ಸೇಫ್ ಸಿಟಿ’ ಬೆಂಗಳೂರಿನಂಥ ಮಹಾನಗರಗಳ ಪಾಲು. ಹಾಗಾಗಿ ನಾಲ್ಕು ಊರುಗಳ ಅರ್ಜಿಯನ್ನು ಒಬ್ಬ ಮಾಸ್ತರ ತಮಗೆ ಹೀಗೆ ಬರೆಯಬೇಕಾಯಿತು.

ಅನುದಾನವೆಂದರೆ ನಮ್ಮಲ್ಲಿ ಜೀಪು, ಕ್ಯಾಮೆರಾ, ಕಟ್ಟಡ. ಟೇಪು ಕತ್ತರಿಸಬಹುದಾದ ವಸ್ತುಗಳು. ಪರಿಚಯಕ್ಕೆ ಟೇಪು ಕಟ್ಟಲು ಬರುವುದಿಲ್ಲ, ಅದಕ್ಕೇ ಅದಕ್ಕೊಂದು ಲೆಕ್ಕಶೀರ್ಷಿಕೆಯೂ ಹುಟ್ಟುವುದಿಲ್ಲ. ನಾನು ಕೇಳುವುದು ಇಷ್ಟು. ಬೀಟಿಗೆಂದೇ ಪ್ರತ್ಯೇಕ ಹಣ: ಪೆಟ್ರೋಲಿಗೆ, ಫೋನಿಗೆ, ನೋಟ್‌ಬುಕ್ಕಿಗೆ, ಬೇಕಾದರೆ ಒಂದು ಪೆನ್ನಿಗೂ. ಅದು ಠಾಣೆಯ ಬೇರೆ ಖರ್ಚಿನಲ್ಲಿ ಕರಗದೆ ನೇರವಾಗಿ ತಿರುಗುವವರ ಖಾತೆಗೆ ಬರಲಿ. ವಾರದಲ್ಲಿ ಎರಡು ದಿನ ಬೀಟ್ ಪೊಲೀಸರನ್ನು ಬಂದೋಬಸ್ತಿಗೆ ಎಳೆಯಬಾರದು. ಆ ಎರಡು ದಿನದ ಕೊರತೆ ತುಂಬಲು ಗೃಹರಕ್ಷಕರ ದಿನಭತ್ಯೆಗೆ ಹಣ ಇಡಿ. ಪ್ರತಿ ಬೀಟಿಗೂ ಒಬ್ಬ ಮಹಿಳಾ ಸಿಬ್ಬಂದಿ ಜೊತೆಗಿರಲಿ. ವಸೂಲಿಗಾರನ ವಿಷಯವನ್ನಾಗಲಿ ಕುಡುಕ ಗಂಡನ ವಿಷಯವನ್ನಾಗಲಿ ನಮ್ಮ ಹೆಣ್ಣುಮಕ್ಕಳು ಇಪ್ಪತ್ತೈದರ ಹುಡುಗನ ಮುಂದೆ ಹೇಳಲಾರರು. ನಾಗರಿಕ ಸಮಿತಿಗೆ ಮೊದಲ ಸಾಲಿನ ಮುಖಂಡರ ಬದಲು ವಾರ್ಡುವಾರು ಚೀಟಿ ಎತ್ತಿ ಜನರನ್ನು ಆರಿಸಿ, ಅರ್ಧದಷ್ಟು ಮಹಿಳೆಯರಿರಲಿ, ಅವರಿಗೆ ಮಾತಾಡುವ ಹಕ್ಕಿರಲಿ, ಯಾರನ್ನೂ ತಡೆಯುವ ಅಧಿಕಾರ ಬೇಡ. ಖರ್ಚಿನ ಲೆಕ್ಕ ಠಾಣೆಯ ಬೋರ್ಡಿನ ಮೇಲೆ ತಿಂಗಳಿಗೊಮ್ಮೆ ಬರಲಿ.

ಕೊನೆಯದು ವರ್ಗಾವಣೆ, ಇದಕ್ಕೆ ದುಡ್ಡೂ ಬೇಕಿಲ್ಲ. 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿ ಕೊಡಿ ಎಂದಿತು. ಬೀಟ್ ಕಾನ್‌ಸ್ಟೆಬಲ್‌ಗೆ ಮೂರು ವರ್ಷ ಒಂದೇ ಬೀಟು ಕೊಡಿ ಎನ್ನುತ್ತೇನೆ ನಾನು. ತಾವು ಅಡಿಲೇಡಿನಲ್ಲಿ ಸಸ್ಯಶಾಸ್ತ್ರದಲ್ಲಿ ಸಂಶೋಧನೆ ಮಾಡಿ ಡಾಕ್ಟರ್ ಆದವರು. ಹಾನಗಲ್ಲಿನ ಗದ್ದೆಯಲ್ಲಿ ಭತ್ತದ ಸಸಿಯನ್ನು ಕಿತ್ತು ನೆಡುವುದು ಒಂದೇ ಸಲ. ದಿನಕ್ಕೊಂದು ಮಡಿಗೆ ಕಿತ್ತು ನೆಟ್ಟರೆ ತೆನೆ ಬರುವುದಿಲ್ಲ ಎಂದು ತಮಗೆ ನಾನು ಹೇಳಬೇಕಿಲ್ಲ.

ಕಿತ್ತು ನೆಡುವ ಮಾತು ಬಂದದ್ದಕ್ಕೆ ಸವಣೂರಿನ ದೊಡ್ಡಹುಣಸೆ ಮರಗಳು ನೆನಪಾದವು. ಮೂರು ದೈತ್ಯ ಮರಗಳು. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬುಡಮೇಲಾಗಿ ಬಿತ್ತು. ಕ್ರೇನು ತಂದು, ಹಗ್ಗ ಕಟ್ಟಿ, ಪಾಡುಪಟ್ಟು ಮತ್ತೆ ನೆಟ್ಟರು. ಉಳಿಸಿದವರಿಗೆ ಕೈಮುಗಿಯಬೇಕು. ಆದರೆ ನಮ್ಮ ಕಾನೂನು ಸುವ್ಯವಸ್ಥೆಯ ಖರ್ಚೆಲ್ಲ ಕ್ರೇನಿನ ಖರ್ಚೇ ಆಗಿದೆ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದು ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದ ಮೇಲೆ ಪಡೆಯ ಮೇಲೆ ಪಡೆ ಬಂತು. ಅದಕ್ಕೆ ಮೊದಲು ಚೀಲದ ಮೇಲೆ ಕೂತಿದ್ದ ರೈತರ ಗೊಣಗಾಟ ಕೇಳಿಸಿಕೊಂಡು ‘ಸಾಹೇಬ್ರ, ಇವತ್ತು ಮಂದಿ ಸರಿ ಇಲ್ರಿ’ ಎಂದು ಹೇಳುವ ಪರಿಚಯಸ್ಥ ಪೊಲೀಸನೊಬ್ಬನ ಖರ್ಚು ಆ ಸುಟ್ಟ ಗಾಡಿಗಳ ಒಂದು ಟೈರಿನಷ್ಟೂ ಆಗುತ್ತಿರಲಿಲ್ಲ.

ಇಡೀ ರಾಜ್ಯಕ್ಕೆ ಒಮ್ಮೆಲೇ ಬೇಡ. ಈ ನಾಲ್ಕು ಊರುಗಳಲ್ಲಿ ಮೂರು ವರ್ಷ ಮಾಡಿ ನೋಡಿ. ಠಾಣೆಗೆ ಎಷ್ಟು ದೂರು ಕಮ್ಮಿಯಾಯಿತು ಎಂದು ಎಣಿಸಬೇಡಿ. ನಂಬಿಕೆ ಹುಟ್ಟಿದರೆ ಮೊದಲು ದೂರುಗಳು ಹೆಚ್ಚಾಗುತ್ತವೆ. ಓಣಿಯಲ್ಲಿ ನಿಂತು ‘ನಿಮ್ಮ ಬೀಟ್ ಪೊಲೀಸಪ್ಪನ ಹೆಸರೇನು’ ಎಂದು ಹತ್ತು ಜನರನ್ನು ಕೇಳಿ, ಎಷ್ಟು ಜನ ಹೇಳುತ್ತಾರೋ ಅದೇ ಲೆಕ್ಕ.

ನನಗೆ ಆ ಹುಡುಗನ ಹೆಸರು ಕೇಳುವುದೇ ಮರೆತಿತ್ತು. ಇಂಡಿ ಕಡೆಯವ ಎಂದಷ್ಟೇ ಗೊತ್ತು. ಬಾಗಿಲ ಮುಂದೆ ಬೈಕು ನಿಂತ ಸದ್ದಾದರೆ ನನ್ನ ಹೆಂಡತಿ ಈಗಲೂ ಒಳಗಿನಿಂದ ‘ಆ ಪೊಲೀಸ್ ಹುಡುಗ ಬಂದನೇನ್ರಿ’ ಎನ್ನುತ್ತಾಳೆ. ಒಂದು ಕಪ್ಪು ಚಹಾ ತಮ್ಮ ಇಲಾಖೆಯ ಲೆಕ್ಕದಲ್ಲಿ ಬಾಕಿ ಇದೆ. ಅವನನ್ನೋ, ಅವನಂಥ ಇನ್ನೊಬ್ಬನನ್ನೋ ಕಳಿಸಿ. ಈ ಸಲ ಕೇಬಲ್ಲಿನ ವಿಷಯ ಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಾವೇರಿ ಜಿಲ್ಲೆಯ ಒಬ್ಬ ನಿವೃತ್ತ ಶಿಕ್ಷಕ