ಶೋಕಿ ಯಾವುದು? ಸೇವೆ ಯಾವುದು?

ಹೊರನಾಡಿನಲ್ಲಿ ನೆಲೆಸಿದ ನಮ್ಮವರದು ಒಂದು ವಿಚಿತ್ರ ಸ್ವಭಾವ. ನೆರೆಯವರು ಕಾರು ಕೊಂಡರೆ ಪೇಡೆ ಕೇಳುತ್ತಾರೆ, ಸೈಕಲ್ ಕೊಂಡರೆ, "ಯಾಕ್ರೀ, ಏನಾದರೂ ಅಡಚಣೆಯೇ?" ಎಂದು ದನಿ ತಗ್ಗಿಸಿ ವಿಚಾರಿಸುತ್ತಾರೆ. ಪುಣೆಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಸಂಸಾರ ಹೂಡಿರುವ ನಾವು ಗಂಡಹೆಂಡಿರು ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇವೆಯೋ ಲೆಕ್ಕವಿಲ್ಲ. ಈಚೆಗೆ ಅದರ ಜೊತೆಗೆ ಇನ್ನೊಂದು ಮಾತೂ ಸೇರಿದೆ: "ಹಾಲು ಬಿಟ್ಟರಂತೆ, ಮೊಟ್ಟೆಯಿಲ್ಲದ ಕೇಕ್ ಸುಡುತ್ತಾರಂತೆ, ಸಹಾಯಾರ್ಥವೆಂದು ಊರೂರು ಸೈಕಲ್ ತುಳಿಯುತ್ತಾರಂತೆ. ಇದೆಲ್ಲ ಶೋಕಿ!" ಮಾತು ನಮ್ಮಿಬ್ಬರ ಮಟ್ಟಿಗೇ ನಿಲ್ಲುವುದಾಗಿದ್ದರೆ ನಾವು ಲೇಖನಿ ಹಿಡಿಯುತ್ತಿರಲಿಲ್ಲ. ಆದರೆ ಈ ನಗೆಯಿಂದ ಶಾಲೆಗೆ ಹೋಗಬೇಕಾದ ಹೆಣ್ಣುಮಕ್ಕಳಿಗೆ ನಷ್ಟವಾಗುತ್ತಿದೆ. ಆದ್ದರಿಂದ ಉತ್ತರ ಕೊಡುವುದು ಕರ್ತವ್ಯವೆನಿಸಿತು.

ಮೊದಲು ನಮ್ಮ ದಿನಚರಿ. ಬೆಳಿಗ್ಗೆ ಐದಕ್ಕೆ ಏಳುತ್ತೇವೆ. ಹಾಲಿಲ್ಲದ ಕಾಫಿ ಅಥವಾ ಜೀರಿಗೆ ಕಷಾಯ ಕುಡಿಯುತ್ತೇವೆ. ಬಿಸಿಲೇರುವ ಮುಂಚೆ ಖಡಕವಾಸ್ಲಾ ಕಡೆಗೆ ಒಂದು ಸುತ್ತು ಹೋಗಿ ಬಂದು, ಅದೇ ಸೈಕಲ್ಲಿನಲ್ಲಿ ಕೆಲಸಕ್ಕೆ ಹೊರಡುತ್ತೇವೆ. ಪುಣೆ ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆಂದೇ ಪ್ರಸಿದ್ಧ. ಇಲ್ಲಿನ ಕಾರ್ಖಾನೆಗಳಿಗೆ ಕೂಲಿ ಹುಡುಕಿ ಬಂದ ಎಷ್ಟೋ ಕನ್ನಡಿಗರು ಸೈಕಲ್ ತುಳಿದೇ ಮಕ್ಕಳನ್ನು ಓದಿಸಿದರು. ಅಂಥವರ ಮಕ್ಕಳೇ ಈಗ ಸೈಕಲ್ ಕಂಡು ನಗುವುದಾದರೆ ಅದು ಯಾರನ್ನು ನಕ್ಕಂತಾಯಿತು, ಅವರೇ ಯೋಚಿಸಲಿ.

ಎರಡನೆಯದು ಅಡುಗೆಮನೆ. ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಬೇಡವೆನ್ನುವ ಈ ಪದ್ಧತಿಗೆ ವೀಗನ್ ಎಂಬ ಹೆಸರಿಟ್ಟದ್ದು 1944ರಲ್ಲಿ, ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು. ಹೆಸರು ಪರದೇಶದ್ದು, ನಿಜ. ಊಟವೂ ಪರದೇಶದ್ದೇ? ನಮ್ಮಲ್ಲಿ ಒಬ್ಬರ ಮನೆ ಧಾರವಾಡದ ಕಡೆ, ಇನ್ನೊಬ್ಬರದು ಹಾಸನದ ಕಡೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಅಗಸಿ ಹಿಂಡಿ ಒಂದು ಕಡೆ. ಮುದ್ದೆ, ಸೊಪ್ಪಿನ ಸಾರು, ಕಾಯಿಹಾಲಿನ ಪಾಯಸ ಇನ್ನೊಂದು ಕಡೆ. ಇವುಗಳಲ್ಲಿ ಹಾಲೆಲ್ಲಿದೆ, ಮೊಟ್ಟೆಯೆಲ್ಲಿದೆ?

ಕೇಕಿನ ವಿಷಯವೂ ಹಾಗೆಯೇ. ಮೊಟ್ಟೆ ಕೇಕಿನಲ್ಲಿ ಮುಖ್ಯವಾಗಿ ಎರಡು ಕೆಲಸ ಮಾಡುತ್ತದೆ: ಹಿಟ್ಟನ್ನು ಹಿಡಿದಿಡುತ್ತದೆ, ಉಬ್ಬಿಸುತ್ತದೆ. ಹಿಡಿದಿಡುವ ಕೆಲಸವನ್ನು ಒಂದು ಚಮಚ ಅಗಸೆ ಪುಡಿಯನ್ನು ಮೂರು ಚಮಚ ನೀರಿನಲ್ಲಿ ನೆನೆಸಿದರೆ ಬರುವ ಲೋಳೆ ಮಾಡುತ್ತದೆ. ಅಗಸೆ ಹೆಚ್ಚಾದರೆ ಕೇಕ್ ಅಂಟಂಟು, ಕಡಿಮೆಯಾದರೆ ಪುಡಿಪುಡಿ. ಉಬ್ಬಿಸುವುದಕ್ಕೆ ಅಡುಗೆ ಸೋಡಾ ಮತ್ತು ಹುಳಿ ಸಾಕು. ಒಂದೂವರೆ ಬಟ್ಟಲು ಹಿಟ್ಟಿಗೆ ಒಂದು ಟೀ ಚಮಚ ಸೋಡಾ, ಒಂದು ದೊಡ್ಡ ಚಮಚ ವಿನೆಗರ್ ಸೇರಿದೊಡನೆ ಇಂಗಾಲದ ಡೈಆಕ್ಸೈಡ್ ಗುಳ್ಳೆಯೇಳುತ್ತದೆ. ಗುಳ್ಳೆ ಅಡಗುವ ಮುನ್ನ ಒಲೆಗಿಟ್ಟರೆ ಕೇಕ್ ಹತ್ತಿಯಂತೆ ಏಳುತ್ತದೆ. ಇದನ್ನು ಶೋಕಿ ಎನ್ನುವವರು ತಿಳಿದಿರಲಿ: 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ, ಅನಂತರ ಯುದ್ಧಕಾಲದ ಪಡಿತರದಲ್ಲಿ, ಹಾಲು ಮೊಟ್ಟೆ ಕೊಳ್ಳಲಾಗದ ಅಮೆರಿಕದ ಬಡ ಗೃಹಿಣಿಯರು ಮಾಡುತ್ತಿದ್ದ ಕೇಕ್ ಇದೇ ಬಗೆಯದು. 2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ಎಂಬವರು ಕಡಲೆ ಬೇಯಿಸಿದ ನೀರನ್ನು ಕಡೆದರೆ ಮೊಟ್ಟೆಯ ಬಿಳಿಯಂತೆ ನೊರೆಯೇಳುತ್ತದೆಂದು ತೋರಿಸಿದಾಗ ಜಗತ್ತು ಬೆರಗಾಯಿತು. ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟನ್ನು ಚೆಲ್ಲದೆ ಸಾರು ಮಾಡಿದ ನಮ್ಮ ಅಜ್ಜಿಯರಿಗೆ ಆ ನೀರಿನ ಬೆಲೆ ಹೊಸದೇನಲ್ಲ.

"ಗೋವನ್ನು ಪೂಜಿಸುವ ನಾವು ಹಾಲು ಬಿಡುವುದೆಂದರೇನು?" ಎಂದು ಹಿರಿಯರೊಬ್ಬರು ಸಿಟ್ಟಾದರು. ಅವರಿಗೆ ಗೌರವದಿಂದಲೇ ಒಂದು ಲೆಕ್ಕ ಒಪ್ಪಿಸುತ್ತೇವೆ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ದನಗಳ ಸಂಖ್ಯೆ ಸುಮಾರು 19.25 ಕೋಟಿ. ಅವುಗಳಲ್ಲಿ ಹೆಣ್ಣು ಸುಮಾರು 14.5 ಕೋಟಿ, ಗಂಡು ಐದು ಕೋಟಿಗೂ ಕಡಿಮೆ. ಹುಟ್ಟುವಾಗ ಹೆಣ್ಣುಗರು, ಗಂಡುಗರು ಹೆಚ್ಚು ಕಡಿಮೆ ಸಮಸಮ. ಹಾಗಾದರೆ ಮಿಕ್ಕ ಗಂಡುಗಳು ಎಲ್ಲಿ ಹೋದವು? ಹೊಲಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಹೋರಿಗರುವಿಗೆ ಕೆಲಸವಿಲ್ಲ, ಕೆಲಸವಿಲ್ಲದ್ದಕ್ಕೆ ಮೇವಿಲ್ಲ. ನಾವು ಕುಡಿಯುವ ಲೋಟದ ಹಿಂದೆ ಈ ಕಥೆಯಿದೆ ಎಂದು ತಿಳಿದ ಮೇಲೆ ನಮ್ಮಿಬ್ಬರಿಗೆ ಲೋಟ ಎತ್ತಲಾಗಲಿಲ್ಲ. ಹಾಗೆಂದು ಒಂದು ಎಮ್ಮೆ ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಮಕ್ಕಳನ್ನು ಸಾಕುವ ತಾಯಿಯನ್ನು ನಾವು ದೂರುವವರಲ್ಲ. ಅವಳ ಹೊಟ್ಟೆಪಾಡು ಬೇರೆ, ನಗರದ ನಮ್ಮ ನಾಲಿಗೆಚಪಲ ಬೇರೆ. ನಮ್ಮಂತೆ ಎಲ್ಲರೂ ಬಿಡಲಿ ಎಂದೂ ಹೇಳುತ್ತಿಲ್ಲ. ಯೋಚಿಸಿ ಬಿಟ್ಟವರನ್ನು ಯೋಚಿಸದೆ ನಗಬೇಡಿ ಎನ್ನುತ್ತಿದ್ದೇವೆ, ಅಷ್ಟೆ.

ಇನ್ನು ಸಹಾಯಾರ್ಥ ಸೈಕಲ್ ಯಾತ್ರೆ. ಕಳೆದ ಡಿಸೆಂಬರಿನಲ್ಲಿ ನಾವು ಪುಣೆಯಿಂದ ಸಾತಾರಾ, ಕೊಲ್ಹಾಪುರಗಳ ಮೇಲೆ ಬೆಳಗಾವಿಗೆ ಮೂರು ದಿನಗಳಲ್ಲಿ ಸುಮಾರು 340 ಕಿಲೋಮೀಟರ್ ತುಳಿದೆವು. ಖಂಬಾಟಕಿ ಘಾಟಿನ ಏರಿನಲ್ಲಿ ಮಂಡಿ ಮಾತಾಡಿತೆಂಬುದು ನಿಜ; ಅದನ್ನು ಹೇಳಿ ಕರುಣೆ ಬೇಡುವುದಿಲ್ಲ. ಅರವತ್ತು ಮನೆಗಳವರು ಕಿಲೋಮೀಟರಿಗೆ ಒಂದು ರೂಪಾಯಿಯಂತೆ ಕೊಟ್ಟರು. ಒಟ್ಟು 20,400 ರೂಪಾಯಿ. ದಾರಿಯ ಊಟ ವಸತಿ ನಮ್ಮ ಕೈಯಿಂದ. ಟೈರು, ಟ್ಯೂಬು, ಪಂಕ್ಚರಿನ ಖರ್ಚು ಭಾನುವಾರದ ಕೇಕ್ ಮಾರಿದ ಹಣದಿಂದ. ಬಂದ ಹಣದಲ್ಲಿ ಬೆಳಗಾವಿ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನ ನಾಲ್ವರು ಹುಡುಗಿಯರಿಗೆ ನಾಲ್ಕು ಸೈಕಲ್ ಬಂದವು.

"ಹಣ ಕೊಡಬೇಕೆಂದರೆ ನೇರವಾಗಿ ಕೊಡಿ, ಮೈ ಏಕೆ ದಂಡಿಸಬೇಕು?" ಇದು ಬುದ್ಧಿವಂತರ ಪ್ರಶ್ನೆ. ಬಂಧುಗಳೇ, ಆಷಾಢದಲ್ಲಿ ಆಳಂದಿಯಿಂದ ಪಂಢರಪುರಕ್ಕೆ ನಡೆಯುವ ವಾರಕರಿಗಳು ನಮ್ಮ ಊರಿನ ಮೇಲೇ ಹೋಗುತ್ತಾರೆ. ಬಸ್ಸಿನಲ್ಲಿ ಹೋಗಬಾರದೇ ಎಂದು ಅವರನ್ನು ಯಾರಾದರೂ ಕೇಳಿದ್ದುಂಟೇ? ನಮ್ಮ ಸಂಘವೇ ಕಟ್ಟಡಕ್ಕಾಗಿ ಸಹಾಯಾರ್ಥ ನಾಟಕಗಳನ್ನು ಆಡಲಿಲ್ಲವೇ? ಬಣ್ಣ ಹಚ್ಚುವ ಬದಲು ಚೆಕ್ ಬರೆಯಿರಿ ಎಂದು ಆಗ ಯಾರೂ ಅನ್ನಲಿಲ್ಲ. ನಾವು ಸಂಬಳದ ಜನ. ಇಪ್ಪತ್ತು ಸಾವಿರ ಒಂದೇ ಕೈಯಿಂದ ಎತ್ತಿಕೊಡಲಾರೆವು. ಆದರೆ ನಾವು ಮೊದಲು ಬೆವರು ಸುರಿಸಿದರೆ ಅರವತ್ತು ಮನೆಗಳ ಬಾಗಿಲು ತಟ್ಟುವ ಧೈರ್ಯ ಬರುತ್ತದೆ, ಅವರಿಗೂ ಕೊಡುವ ಮನಸ್ಸು ಬರುತ್ತದೆ.

"ನಾಲ್ಕೇ ಸೈಕಲ್ಲೇ?" ಎಂದು ತುಟಿ ಕೊಂಕಿಸಿದವರಿಗೆ ಎರಡು ಸಂಗತಿ. 1980ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ತಾಯಿಯನ್ನು ಕ್ಯಾನ್ಸರಿಗೆ ಕಳೆದುಕೊಂಡಿದ್ದ ಬಿಲ್ಲಿ ಸ್ಟಾರ್ ಮೂವತ್ತಾರು ಸವಾರರೊಂದಿಗೆ ಸಹಾಯಾರ್ಥ ಯಾತ್ರೆ ಆರಂಭಿಸಿದಾಗ ಕೂಡಿದ್ದು 10,200 ಡಾಲರ್. ಆ ಯಾತ್ರೆ ವರ್ಷವರ್ಷವೂ ನಡೆದು ಕ್ಯಾನ್ಸರ್ ಆಸ್ಪತ್ರೆಗೆ ಕೊಟ್ಟದ್ದು ಇಂದು ನೂರು ಕೋಟಿ ಡಾಲರ್ ದಾಟಿದೆ. ಎರಡನೆಯದು ಬಿಹಾರದ್ದು. 2006ರಲ್ಲಿ ಅಲ್ಲಿನ ಸರ್ಕಾರ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡಿಸತೊಡಗಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇದರಿಂದ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತು. ಹುಡುಗ ಹುಡುಗಿಯರ ನಡುವಿನ ಅಂತರ ಶೇಕಡಾ 40ರಷ್ಟು ಇಳಿಯಿತು. ಶಾಲೆಯಿಂದ ಮೂರು ಕಿಲೋಮೀಟರಿಗಿಂತ ದೂರದ ಹಳ್ಳಿಗಳಲ್ಲೇ ಲಾಭ ಹೆಚ್ಚು. ಕರ್ನಾಟಕವೂ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತ್ತು. ಕೋವಿಡ್ ಬಂದ ಮೇಲೆ ಆ ವಿತರಣೆ ನಿಂತಿತು. ನಿಂತಾಗ ಮನೆಯಲ್ಲಿ ಉಳಿದವಳು ಯಾರು? ದೂರದ ಹಳ್ಳಿಯ ಹುಡುಗಿ. ಅವಳಿಗೆ ಒಂದು ಸೈಕಲ್ ಎಂದರೆ ನಾಲ್ಕರಲ್ಲಿ ಒಂದಲ್ಲ, ಅವಳ ಓದು ಪೂರ್ತಿ.

ಈಗ ಹೇಳಿ, ಶೋಕಿ ಯಾವುದು? ವಾರ್ಷಿಕೋತ್ಸವದಲ್ಲಿ ಹತ್ತು ಮಂದಿಗೆ ಹತ್ತು ಶಾಲು, ಹತ್ತು ಹಾರ, ಹತ್ತು ಸ್ಮರಣಿಕೆ. ಶಾಲು ಮನೆಗೆ ಹೋಗಿ ಬೀರು ಸೇರುತ್ತದೆ. ಹಾರ ಮರುದಿನ ಬಾಡುತ್ತದೆ. ಸ್ಮರಣಿಕೆಯ ಧೂಳು ಒರೆಸುವ ಕೆಲಸ ಸೊಸೆಯ ಪಾಲು. ಸನ್ಮಾನ ಬೇಡವೆನ್ನುವುದಿಲ್ಲ. ಹಿರಿಯರನ್ನು ವೇದಿಕೆಗೆ ಕರೆಯಿರಿ, ಕೈಮುಗಿಯಿರಿ, ಅವರ ಹೆಸರಿನಲ್ಲಿ ತವರುನಾಡಿನ ಒಬ್ಬ ಹುಡುಗಿಗೆ ಒಂದು ಸೈಕಲ್ ಕೊಡಿಸಿರಿ. ಯಾವ ಹಿರಿಯರು ಬೇಡವೆಂದಾರು? ಜೊತೆಗೆ ಸಂಘದ ಊಟದಲ್ಲಿ ಹಾಲು ಬೆಣ್ಣೆಯಿಲ್ಲದ ಒಂದು ಸಿಹಿಯೂ ಇರಲಿ. ಕಾಯಿಹೋಳಿಗೆಯನ್ನು ತುಪ್ಪದ ಬದಲು ಎಣ್ಣೆಯಲ್ಲಿ ಬೇಯಿಸಿದರೆ ಸಾಕು, ನಮ್ಮಂಥವರು ಪಂಕ್ತಿಯ ಕೊನೆಯಲ್ಲಿ ಬರಿ ಎಲೆ ನೋಡುತ್ತ ಕೂರುವುದು ತಪ್ಪುತ್ತದೆ.

ಈ ಎರಡು ಸೂಚನೆಗಳನ್ನು ಮುಂದಿನ ಮಹಾಸಭೆಯಲ್ಲಿ ನಾವು ಮಂಡಿಸಲಿದ್ದೇವೆ. ವಿರೋಧಿಸುವವರು ಕಾರಣ ಕೊಟ್ಟು ವಿರೋಧಿಸಲಿ, ಕೇಳುತ್ತೇವೆ. ಬರುವ ಡಿಸೆಂಬರಿನಲ್ಲಿ ಮತ್ತೆ ಅದೇ ದಾರಿ, ಅದೇ 340 ಕಿಲೋಮೀಟರ್. ನಗುವವರು ನಗಲಿ, ನಮ್ಮ ಅಡ್ಡಿಯಿಲ್ಲ. ಆದರೆ ಕಿಲೋಮೀಟರಿಗೆ ಒಂದು ರೂಪಾಯಿ ಬರೆದುಕೊಟ್ಟು ನಗಲಿ.